ದಿನದ ಧಮ್ಮ ಚಿಂತನೆ: ಬೊಗಸೆಗೆ ಬೀಳುವ ನೀರು



ಇವತ್ತು ಏಪ್ರಿಲ್ 13. ನಾಳೆ ಬಾಬಾಸಾಹೇಬರ ಜಯಂತಿ. ಎಲ್ಲರೂ ಬಂಟಿಂಗ್ಸ್ ಕಟ್ಟುವುದು, ಹೂವು ತರುವುದು, ಅಡುಗೆಯವರಿಗೆ ಹೇಳುವುದು ಅಂತ ಓಡಾಟದಲ್ಲಿದ್ದೀರಿ. ಇಂದಿನ ಚಿಂತನೆ ಸ್ವಲ್ಪ ಉದ್ದವಿದೆ. ಬೆಳಗ್ಗೆ ಅರ್ಧ, ರಾತ್ರಿ ಅರ್ಧ ಓದಿದರೂ ಆಗುತ್ತದೆ. ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ ದಯವಿಟ್ಟು ಅವರಿಗೆ ಓದಿ ಹೇಳಿ. ಇದು ಹೆಚ್ಚಾಗಿ ಅವರ ಬಗ್ಗೆಯೇ ಇರುವ ಮಾತು.

*ನಮ್ಮ ಜಯಂತಿಯ ದಿನವೇ ಅವರ ಹೊಸ ವರ್ಷ*

ನಾವು ನಾಳೆ ಜಯಂತಿ ಮಾಡುವಾಗ ಥಾಯ್ಲೆಂಡಿನಲ್ಲಿ ಹೊಸ ವರ್ಷದ ಹಬ್ಬ ನಡೆಯುತ್ತಿರುತ್ತದೆ. ಅದರ ಹೆಸರು ಸಾಂಗ್‌ಕ್ರಾನ್. ಕೇಳಲು ಹೊಸದು ಅನಿಸಿದರೂ ಅದು ನಮ್ಮ ‘ಸಂಕ್ರಾಂತಿ’ ಎಂಬ ಮಾತೇ. ನಾವು ಜನವರಿಯಲ್ಲಿ ಎಳ್ಳುಬೆಲ್ಲ ಹಂಚುವುದು ಮಕರ ಸಂಕ್ರಾಂತಿಗೆ. ಅವರದು ಸೂರ್ಯ ಮೇಷ ರಾಶಿಗೆ ಬರುವ ಲೆಕ್ಕ. ನಮ್ಮ ಕರಾವಳಿಯ ತುಳುವರ ಬಿಸು, ಮಲಯಾಳಿಗಳ ವಿಷು, ತಮಿಳರ ಮತ್ತು ಸಿಂಹಳರ ಹೊಸ ವರ್ಷ, ಬರ್ಮಾದ ತಿಂಗ್ಯಾನ್, ಲಾವೋಸ್ ಮತ್ತು ಕಾಂಬೋಡಿಯದ ಹಬ್ಬ ಎಲ್ಲವೂ ಈ ಎರಡು ಮೂರು ದಿನಗಳಲ್ಲೇ ಬರುತ್ತವೆ. ಥಾಯ್ ಸರ್ಕಾರ 1941ರಿಂದ ಜನವರಿ 1ನ್ನೇ ವರ್ಷದ ಮೊದಲ ದಿನ ಎಂದು ಇಟ್ಟುಕೊಂಡಿದೆ. ಆದರೂ ಜನರ ಮನಸ್ಸಿನಲ್ಲಿ ಹಬ್ಬವೆಂದರೆ ಏಪ್ರಿಲ್ 13, 14, 15. 2023ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಈ ಹಬ್ಬವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ರಾಜ್ಯದಲ್ಲೇ ಬೈಲುಕುಪ್ಪೆ, ಮುಂಡಗೋಡಕ್ಕೆ ಹೋಗಿ ಟಿಬೆಟಿಯನ್ನರ ಹೊಸ ವರ್ಷ ಲೋಸರ್ ನೋಡಿಬಂದವರು ನಮ್ಮ ಬಳಗದಲ್ಲಿದ್ದಾರೆ. ಸಾಂಗ್‌ಕ್ರಾನ್ ಅದಕ್ಕಿಂತ ಬೇರೆ. ಅದು ಪೂರ್ತಿ ನೀರಿನ ಹಬ್ಬ. ನೀರು ಎಂದ ಕೂಡಲೇ ನಮ್ಮ ಕಿವಿ ನಿಮಿರಬೇಕು, ಏಕೆಂದರೆ ಬಾಬಾಸಾಹೇಬರ ಹೋರಾಟ ಬೀದಿಗೆ ಇಳಿದದ್ದೇ ಒಂದು ಕೆರೆಯ ನೀರಿಗಾಗಿ.

*ಪ್ರವಾಸಿಯ ಕಣ್ಣಿಗೆ ಕಂಡದ್ದು*

ಎರಡು ವರ್ಷದ ಹಿಂದೆ ಈ ಹಬ್ಬದ ಹೊತ್ತಿಗೆ ಸರಿಯಾಗಿ ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಊರಿನಲ್ಲಿರುವ ಅವಕಾಶ ನನಗೆ ಸಿಕ್ಕಿತ್ತು. ಹಳೇ ಊರು ಚೌಕಾಕಾರವಾಗಿದೆ, ಸುತ್ತಲೂ ನೀರು ತುಂಬಿದ ಕಂದಕ. ಹಬ್ಬದ ದಿನ ಜನ ಆ ಕಂದಕದ ದಡದಲ್ಲಿ ಬಕೆಟ್ ಹಿಡಿದು ನಿಂತಿರುತ್ತಾರೆ. ಪಿಕಪ್ ಗಾಡಿಗಳ ಹಿಂದೆ ಡ್ರಮ್ಮಿನಲ್ಲಿ ನೀರು, ಅದರೊಳಗೆ ಮಂಜುಗಡ್ಡೆ. ಮಕ್ಕಳ ಕೈಯಲ್ಲಿ ಪ್ಲಾಸ್ಟಿಕ್ ಪಿಚಕಾರಿ. ಎಲ್ಲರ ಕೊರಳಲ್ಲೂ ಫೋನ್ ನೆನೆಯದಂತೆ ಒಂದು ಪ್ಲಾಸ್ಟಿಕ್ ಚೀಲ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ತಲೆಯಿಂದ ಕಾಲಿನವರೆಗೆ ಒದ್ದೆ. ಏಪ್ರಿಲ್ ಬಿಸಿಲು ನಮ್ಮ ಕಡೂರಿನ ಬಿಸಿಲಿನ ಹಾಗೇ ಇರುವುದರಿಂದ ಯಾರಿಗೂ ಬೇಸರವಿಲ್ಲ. ಕೆನ್ನೆಗೆ ಬಿಳಿ ಜೇಡಿಯ ಲೇಪ ಹಚ್ಚಿ, ಹೊಸ ವರ್ಷದ ಶುಭಾಶಯ ಹೇಳಿ ನಗುತ್ತಾರೆ. ನೀನು ಯಾವ ದೇಶ, ಯಾವ ಜನ ಎಂದು ಯಾರೂ ಮೊದಲು ವಿಚಾರಿಸಿ ಆಮೇಲೆ ನೀರು ಹಾಕುವುದಿಲ್ಲ.

ಇಷ್ಟೇ ನೋಡಿಕೊಂಡು, ವಿಡಿಯೋ ಮಾಡಿಕೊಂಡು ವಾಪಸ್ ಬರುವ ಪ್ರವಾಸಿಗಳೇ ಹೆಚ್ಚು. ಆದರೆ ಬೀದಿಯ ಈ ಗದ್ದಲದ ಹಿಂದೆ ವಿಹಾರದಲ್ಲಿ, ಮನೆಯಲ್ಲಿ ನಡೆಯುವ ಹಳೇ ಆಚರಣೆಗಳಿವೆ. ಅವುಗಳಲ್ಲಿ ಮೂರನ್ನು ಹೇಳುತ್ತೇನೆ.

ಒಂದು, ಬುದ್ಧರೂಪಕ್ಕೆ ನೀರು. ಏಪ್ರಿಲ್ 13ರಂದು ವಾಟ್ ಫ್ರಾ ಸಿಂಗ್ ವಿಹಾರದ ಬುದ್ಧರೂಪವನ್ನು ರಥದಲ್ಲಿಟ್ಟು ಊರೊಳಗೆ ಮೆರವಣಿಗೆ ಮಾಡುತ್ತಾರೆ. ಜನ ಎರಡೂ ಬದಿಯಲ್ಲಿ ನಿಂತು ಹೂವಿನ ಎಸಳು ಹಾಕಿದ ನೀರನ್ನು ಅರ್ಪಿಸುತ್ತಾರೆ. ಆ ನೀರಿಗೆ ಒಂದು ಒಣ ಕಾಯಿಯನ್ನು ಹಾಕಿರುತ್ತಾರೆ. ಕೈಗೆ ತೆಗೆದುಕೊಂಡು ನೋಡಿದರೆ ನಮ್ಮ ಸೀಗೆಕಾಯಿ! ನಮ್ಮ ತಾಯಂದಿರು ತಲೆಗೆ ಹಾಕುವ ಸೀಗೆಕಾಯಿಯ ವಾಸನೆ ಅಷ್ಟು ದೂರದ ವಿಹಾರದಲ್ಲಿ ಬಂದಾಗ ಊರಿನ ನೆನಪಾಯಿತು.

ಎರಡು, ಮರಳಿನ ಸ್ತೂಪ. ವಿಹಾರದ ಅಂಗಳಕ್ಕೆ ಜನ ಮರಳು ಹೊತ್ತು ತಂದು ಸುರಿದು, ಸ್ತೂಪದ ಆಕಾರ ಮಾಡಿ, ಮೇಲೆ ಬಣ್ಣದ ಕಾಗದದ ಬಾವುಟ ಸಿಕ್ಕಿಸುತ್ತಾರೆ. ಕಾರಣ ಕೇಳಿದರೆ ಸರಳವಾದ ಉತ್ತರ: ವರ್ಷವಿಡೀ ವಿಹಾರಕ್ಕೆ ಬಂದು ಹೋಗುವಾಗ ನಮ್ಮ ಪಾದಕ್ಕೆ ಅಂಟಿಕೊಂಡು ಇಲ್ಲಿನ ಮಣ್ಣು ಹೊರಗೆ ಹೋಗಿರುತ್ತದೆ, ಎಲ್ಲರಿಗೂ ಸೇರಿದ್ದನ್ನು ವರ್ಷಕ್ಕೊಮ್ಮೆಯಾದರೂ ವಾಪಸ್ ತಂದುಹಾಕಬೇಕು. ನಮ್ಮ ಸಮುದಾಯ ಭವನಗಳ ಕುರ್ಚಿ, ಪಾತ್ರೆ, ಮೈಕ್ ಸೆಟ್ ಯಾರ ಯಾರ ಮನೆಯಲ್ಲಿವೆ ಎಂದು ಒಮ್ಮೆ ಯೋಚಿಸಿ. ಈ ಪಾಠ ನಮಗೂ ಬೇಕು.

ಮೂರು, ಹಿರಿಯರ ಕೈಗೆ ನೀರು. ಇಂದಿನ ಚಿಂತನೆಯ ತಿರುಳು ಇದೇ. ಅಲ್ಲಿ ಏಪ್ರಿಲ್ 13 ಹಿರಿಯರ ದಿನ, 14 ಕುಟುಂಬದ ದಿನ. ಬ್ಯಾಂಕಾಕಿನಲ್ಲಿ ಕಟ್ಟಡ ಕೆಲಸ, ಹೋಟೆಲ್ ಕೆಲಸ, ಕಾರ್ಖಾನೆ ಕೆಲಸಕ್ಕೆ ಹೋದವರೆಲ್ಲ ಬಸ್ಸು ರೈಲು ತುಂಬಿಕೊಂಡು ಹಳ್ಳಿಗೆ ಬರುತ್ತಾರೆ. ನಮ್ಮ ಹುಡುಗರು ಹಬ್ಬಕ್ಕೆ ಬೆಂಗಳೂರಿನಿಂದ ಬೀರೂರು, ಕಡೂರಿಗೆ ಬಂದಿಳಿಯುವ ಹಾಗೆ. ಮನೆಯ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ. ಕಿರಿಯರು ಕೆಳಗೆ ಮೊಣಕಾಲೂರಿ ಕೂರುತ್ತಾರೆ. ಹಿರಿಯರು ಎರಡೂ ಅಂಗೈ ಸೇರಿಸಿ ಮುಂದೆ ಚಾಚುತ್ತಾರೆ. ಕಿರಿಯರು ಒಂದು ಸಣ್ಣ ಬಟ್ಟಲಿನಿಂದ ಆ ಕೈಗಳ ಮೇಲೆ ನಿಧಾನವಾಗಿ ನೀರು ಹಾಕುತ್ತಾರೆ. ಕಳೆದ ವರ್ಷದಲ್ಲಿ ನಿಮ್ಮ ಮನಸ್ಸು ನೋಯಿಸಿದ್ದರೆ ಕ್ಷಮಿಸಿ ಎಂದು ಕೇಳುತ್ತಾರೆ. ಹಿರಿಯರು ಒದ್ದೆ ಕೈಯಿಂದಲೇ ತಲೆ ಸವರಿ ಹರಸುತ್ತಾರೆ.

ಇದು ಪಾದಪೂಜೆಯಲ್ಲ. ಆ ನೀರನ್ನು ತೀರ್ಥವೆಂದು ಯಾರೂ ಕುಡಿಯುವುದಿಲ್ಲ. ಹುಟ್ಟಿನಿಂದ ದೊಡ್ಡವರೆಂದು ಯಾರಿಗೂ ಅದು ಸಲ್ಲುವುದಿಲ್ಲ. ಕಸ ಗುಡಿಸುವ ಮುದುಕಿಯಾದರೂ, ಅಂಗಡಿ ಯಜಮಾನನಾದರೂ ವಯಸ್ಸಾದವರಿಗೆ ಸಲ್ಲುವ ಮರ್ಯಾದೆ ಅದು.

*ಅದೇ ಬೊಗಸೆ, ಬೇರೆ ನೀರು*

ಚಾಚಿದ ಆ ಬೊಗಸೆಗಳನ್ನು ನೋಡಿದಾಗ ನನಗೆ ನಮ್ಮಜ್ಜಿಯ ಬೊಗಸೆ ನೆನಪಾಯಿತು. ಅಜ್ಜಿ ಕೂಲಿಗೆ ಹೋಗುತ್ತಿದ್ದ ಮನೆಯಲ್ಲಿ ಬಾಯಾರಿದರೆ ಹಿತ್ತಲ ಬಾಗಿಲಲ್ಲಿ ಬಗ್ಗಿ ನಿಂತು ಬೊಗಸೆ ಒಡ್ಡಬೇಕಿತ್ತು. ಮೇಲಿನಿಂದ ಚೊಂಬಿನಲ್ಲಿ ನೀರು ಸುರಿಯುತ್ತಿದ್ದರು. ಚೊಂಬು ಕೈಗೆ ತಾಗಬಾರದು, ಹನಿ ಸಿಡಿದು ಅವರ ಮೈಮೇಲೆ ಬೀಳಬಾರದು. ಅಷ್ಟು ಎತ್ತರದಿಂದ ಸುರಿದರೆ ಅರ್ಧ ನೀರು ಮೊಣಕೈಯಿಂದ ಇಳಿದು ಸೀರೆಗೆ ಹೋಗುತ್ತಿತ್ತು. ನಿಮ್ಮಲ್ಲಿ ಐವತ್ತು ದಾಟಿದ ಅನೇಕರಿಗೆ ಈ ಬೊಗಸೆ ಗೊತ್ತು. ಹೋಟೆಲಿನ ಹೊರಗೆ ಗೂಟಕ್ಕೆ ಸಿಕ್ಕಿಸಿದ್ದ ಬೇರೆ ಲೋಟವೂ ಗೊತ್ತು.

ಎರಡು ಕಡೆಯೂ ಬೊಗಸೆ ಒಂದೇ, ನೀರು ಒಂದೇ. ಒಂದು ಕಡೆ ನೀರು ಹಾಕುವವನು ಎತ್ತರದಲ್ಲಿ ನಿಂತಿರುತ್ತಾನೆ, ಬೊಗಸೆ ಕೆಳಗಿರುತ್ತದೆ. ಇನ್ನೊಂದು ಕಡೆ ಬೊಗಸೆ ಮೇಲಿರುತ್ತದೆ, ನೀರು ಹಾಕುವವನು ಮಂಡಿಯೂರಿರುತ್ತಾನೆ. ಒಂದರಲ್ಲಿ ಮುಟ್ಟಬಾರದೆಂಬ ಎಚ್ಚರ, ಇನ್ನೊಂದರಲ್ಲಿ ಮುಟ್ಟಿ ಹರಸಲಿ ಎಂಬ ಆಸೆ. ನೀರಿಗೆ ತನ್ನದೇ ಆದ ಮೈಲಿಗೆಯೂ ಇಲ್ಲ, ಮಡಿಯೂ ಇಲ್ಲ. ಅದನ್ನು ಕೊಡುವ ಮನಸ್ಸಿನಲ್ಲಿ ಏನಿದೆಯೋ ಅದೇ ನೀರಿನ ಜೊತೆ ಇಳಿದು ಬರುತ್ತದೆ.

ಬಾಬಾಸಾಹೇಬರು ಇದನ್ನು ಚೆನ್ನಾಗಿ ತಿಳಿದಿದ್ದರು. 1923ರಲ್ಲಿ ಬೊಂಬಾಯಿ ಶಾಸನ ಪರಿಷತ್ತು ಎಸ್.ಕೆ. ಬೋಳೆಯವರ ನಿರ್ಣಯ ಒಪ್ಪಿ, ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿವೆ ಎಂದಿತು. ಮಹಾಡಿನ ಪುರಸಭೆಯೂ ಮರುವರ್ಷ ಅದನ್ನು ಒಪ್ಪಿತು. ಆದರೆ ಕಾಗದದ ಮೇಲೆ ತೆರೆದ ಕೆರೆಯ ಹತ್ತಿರ ಹೋಗುವ ಧೈರ್ಯ ಯಾರಿಗೂ ಬರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಅಂದು ಆ ಬೊಗಸೆಗೆ ಮೇಲಿನಿಂದ ಯಾರೂ ಸುರಿಯಲಿಲ್ಲ. ತಾವೇ ಬಗ್ಗಿ, ತಾವೇ ತುಂಬಿಕೊಂಡ ಬೊಗಸೆ ಅದು.

ಆಮೇಲೆ ನಡೆದದ್ದು ನಿಮಗೆ ಗೊತ್ತು. ಸಮಾವೇಶಕ್ಕೆ ಬಂದವರ ಮೇಲೆ ಹಲ್ಲೆಯಾಯಿತು. ಕೆರೆ ಮೈಲಿಗೆಯಾಯಿತೆಂದು 108 ಕೊಡ ಪಂಚಗವ್ಯ ಸುರಿದು ‘ಶುದ್ಧ’ ಮಾಡಿದರು. ಮೊಕದ್ದಮೆ ಹತ್ತು ವರ್ಷ ನಡೆದು, 1937ರ ಮಾರ್ಚ್‌ನಲ್ಲಿ ಬೊಂಬಾಯಿ ಹೈಕೋರ್ಟ್ ನಮ್ಮ ಪರವಾಗಿ ತೀರ್ಪು ಕೊಟ್ಟಿತು. ಅದೇ ನೋವಿನ ಅನುಭವ ಸಂವಿಧಾನದ 15ನೇ ವಿಧಿಯೊಳಗೆ ಬಂದಿದೆ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಒಂದೊಂದನ್ನೂ ಹೆಸರಿಟ್ಟು ಬರೆದಿರುವುದನ್ನು ಓದಿದರೆ ಬರೆದವರಿಗೆ ಬಾಯಾರಿಕೆ ಎಂದರೆ ಏನೆಂದು ಗೊತ್ತಿತ್ತು ಎಂಬುದು ತಿಳಿಯುತ್ತದೆ.

ಇದೆಲ್ಲ ಹಳೇ ಕಥೆ ಎಂದು ನಮ್ಮ ಮಕ್ಕಳು ಹೇಳಬಹುದು. 2022ರ ನವೆಂಬರ್‌ನಲ್ಲಿ ನಮ್ಮದೇ ರಾಜ್ಯದ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ ನೀರು ಕುಡಿದರೆಂದು ನೀರನ್ನೆಲ್ಲ ಖಾಲಿ ಮಾಡಿ ಗೋಮೂತ್ರದಿಂದ ತೊಳೆದರು. ಮಹಾಡಿಗೂ ಹೆಗ್ಗೊಠಾರಕ್ಕೂ ನಡುವೆ 95 ವರ್ಷ. ನಮ್ಮ ತರೀಕೆರೆ ತಾಲ್ಲೂಕಿನಲ್ಲೇ 2024ರ ಆರಂಭದಲ್ಲಿ, ಕೆಲಸಕ್ಕೆಂದು ಒಂದು ಹಟ್ಟಿಯೊಳಗೆ ಹೋದ ದಲಿತ ಯುವಕನ ಮೇಲೆ ಹಲ್ಲೆಯಾದ ಸುದ್ದಿ ಎಲ್ಲರೂ ಓದಿದ್ದೇವೆ. ಹಾಗಾಗಿ ನೀರಿನ ಹಬ್ಬವೊಂದನ್ನು ನಾವು ಬರೀ ಪ್ರವಾಸಿಗಳ ಹಾಗೆ ನೋಡಲು ಆಗುವುದಿಲ್ಲ.

*ನೀರಿನ ಬಗ್ಗೆ ಧಮ್ಮ ಏನು ಹೇಳುತ್ತದೆ*

ಬೌದ್ಧ ಗ್ರಂಥಗಳಲ್ಲಿ ನೀರಿನ ಕಥೆಗಳು ಬಹಳ ಇವೆ. ಅವುಗಳಲ್ಲಿ ಮೂವರು ನಮಗೆ ತೀರಾ ಹತ್ತಿರದವರು.

ಮೊದಲನೆಯವಳು ಪುಣ್ಣಿಕಾ. ಶ್ರಾವಸ್ತಿಯ ಅನಾಥಪಿಂಡಿಕನ ಮನೆಯ ದಾಸಿ. ಚಳಿಯಲ್ಲೂ ಹೊಳೆಗಿಳಿದು ನೀರು ಹೊರುವುದು ಅವಳ ಕೆಲಸ. ಒಡತಿಯರ ಬೈಗುಳ, ಹೊಡೆತದ ಭಯ ಅವಳನ್ನು ನೀರಿಗಿಳಿಸುತ್ತಿತ್ತು. ಅಲ್ಲೇ ಒಬ್ಬ ಬ್ರಾಹ್ಮಣ ನಡುಗುತ್ತಾ ಮುಳುಗೇಳುತ್ತಿದ್ದ. ನನಗಂತೂ ಯಜಮಾನರ ಭಯ, ನಿನಗೆ ಯಾರ ಭಯ ಎಂದು ಅವಳು ಕೇಳಿದಳು. ಪಾಪ ತೊಳೆಯುತ್ತಿದ್ದೇನೆ ಎಂದ. ನೀರಿನಿಂದ ಪಾಪ ಹೋಗುವುದಾದರೆ ಕಪ್ಪೆ, ಆಮೆ, ಹಾವು, ಮೊಸಳೆಗಳೆಲ್ಲ ಮೊದಲು ಸ್ವರ್ಗಕ್ಕೆ ಹೋಗಬೇಕಲ್ಲ, ಪಾಪದ ಜೊತೆ ಪುಣ್ಯವನ್ನೂ ಹೊಳೆ ಕೊಚ್ಚಿಕೊಂಡು ಹೋದರೆ ಏನು ಮಾಡುವೆ ಎಂದು ಅವಳು ವಾದ ಹೂಡಿದಳು. ಅವನ ಬಳಿ ಉತ್ತರವಿರಲಿಲ್ಲ. ಮುಂದೆ ಅವಳು ದಾಸ್ಯದಿಂದ ಬಿಡುಗಡೆಯಾಗಿ ಭಿಕ್ಖುಣಿಯಾದಳು. ನೀರು ಹೊತ್ತ ಹೆಣ್ಣುಮಗಳೊಬ್ಬಳು ಮಡಿಸ್ನಾನದ ಬುಡವನ್ನೇ ಅಲ್ಲಾಡಿಸಿದ್ದು ಎರಡು ಸಾವಿರ ವರ್ಷಗಳಿಗೂ ಹಿಂದೆ.

ಎರಡನೆಯವಳು ಪ್ರಕೃತಿ, ಚಾಂಡಾಲರ ಮಗಳು. ಬಾಯಾರಿದ ಆನಂದರು ಬಾವಿಯ ಬಳಿ ಅವಳನ್ನು ನೀರು ಕೇಳಿದರು. ತಾನು ಯಾವ ಜಾತಿಯವಳು ಎಂದು ಅವಳು ಹಿಂಜರಿದಳು. ತಾವು ಕೇಳಿದ್ದು ನೀರನ್ನು, ಜಾತಿಯನ್ನಲ್ಲ ಎಂದು ಆನಂದರು ಹೇಳಿ ಕುಡಿದರು. ಬಾಬಾಸಾಹೇಬರು ಈ ಪ್ರಸಂಗವನ್ನು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಸೇರಿಸಿದ್ದಾರೆ. ಇಲ್ಲಿ ಒಂದು ವಿಷಯ ಗಮನಿಸಿ. ಪ್ರಕೃತಿ ನೀರು ಬೇಡಿದವಳಲ್ಲ, ನೀರು *ಕೊಟ್ಟವಳು*. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಮೂರನೆಯವನು ಸಿಗಾಲ. ರಾಜಗೃಹದ ಗೃಹಸ್ಥನ ಮಗ. ಬೆಳಗ್ಗೆ ಎದ್ದು, ಮಿಂದು, ಒದ್ದೆ ಬಟ್ಟೆ ಒದ್ದೆ ತಲೆಯಲ್ಲಿ ಆರು ದಿಕ್ಕಿಗೂ ಕೈ ಮುಗಿಯುತ್ತಿದ್ದ. ಅಪ್ಪ ಸಾಯುವಾಗ ಹೇಳಿದ್ದ, ಅದಕ್ಕೇ ಮಾಡುತ್ತಿದ್ದ. ಭಗವಾನ್ ಬುದ್ಧರು ಅವನನ್ನು ಗೇಲಿ ಮಾಡಲಿಲ್ಲ. ದಿಕ್ಕುಗಳಿಗೆ ಹೊಸ ಅರ್ಥ ಕೊಟ್ಟರು. ಪೂರ್ವ ಎಂದರೆ ತಂದೆತಾಯಿ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಸ್ನೇಹಿತರು, ಕೆಳಗಿನ ದಿಕ್ಕು ನಮಗಾಗಿ ದುಡಿಯುವವರು, ಮೇಲಿನ ದಿಕ್ಕು ಶ್ರಮಣರು. ದುಡಿಯುವವರಿಗೆ ಶಕ್ತಿಗೆ ತಕ್ಕ ಕೆಲಸ, ಊಟ, ಕೂಲಿ, ಕಾಯಿಲೆಯಲ್ಲಿ ಆರೈಕೆ, ಕಾಲಕ್ಕೆ ಸರಿಯಾಗಿ ರಜೆ ಕೊಡಬೇಕು ಎಂದರು. ದಿಕ್ಕಿಗೆ ಮುಗಿಯುವ ಕೈ ಮನುಷ್ಯರ ಕಡೆ ತಿರುಗಿದಾಗ ಅದು ಧಮ್ಮ.

ಸಾಂಗ್‌ಕ್ರಾನ್‌ನಲ್ಲಿ ಹಿರಿಯರ ಕೈಗೆ ಹಾಕುವ ನೀರು ನನಗೆ ಸಿಗಾಲನ ಪೂರ್ವ ದಿಕ್ಕಿನ ಹಾಗೆ ಕಂಡಿತು. ದೇವರ ತಲೆಯ ಮೇಲೆ ಬೀಳುವ ನೀರು ಮನೆಯ ಮುದುಕಿಯ ಕೈಮೇಲೆ ಬಿದ್ದರೆ ಅದರಿಂದ ಒಂದು ಮನಸ್ಸಾದರೂ ತಂಪಾಗುತ್ತದೆ.

*ಅಲ್ಲಿನದೆಲ್ಲ ಧಮ್ಮವೇ?*

ಬಾಬಾಸಾಹೇಬರು 1950ರಲ್ಲಿ ಸಿಲೋನಿಗೆ, 1954ರಲ್ಲಿ ಬರ್ಮಾದ ರಂಗೂನಿಗೆ ಬೌದ್ಧ ಸಮ್ಮೇಳನಗಳಿಗೆ ಹೋಗಿದ್ದರು. ಬೌದ್ಧ ದೇಶಗಳನ್ನು ಅವರು ಗೌರವದಿಂದಲೂ ನೋಡಿದರು, ಪ್ರಶ್ನೆ ಮಾಡುವ ಕಣ್ಣಿನಿಂದಲೂ ನೋಡಿದರು. ನಾವೂ ಹಾಗೇ ನೋಡೋಣ. ಬೌದ್ಧ ದೇಶದಲ್ಲಿ ಕಂಡದ್ದೆಲ್ಲ ಧಮ್ಮ ಎಂದು ತಂದು ಇಲ್ಲಿ ನೆಟ್ಟರೆ ಕಾಲಾಮರಿಗೆ ಭಗವಾನರು ಹೇಳಿದ ಮಾತನ್ನು ಮರೆತ ಹಾಗೆ. ಪರಂಪರೆಯಿಂದ ಬಂದಿದೆ ಎಂಬುದೊಂದೇ ಒಪ್ಪಲು ಸಾಕಾಗದು. ಅದರಿಂದ ಹಿತವೋ ಅಹಿತವೋ ಎಂದು ನಾವೇ ತೂಗಬೇಕು.

ಸಾಂಗ್‌ಕ್ರಾನ್ ಹಿಂದೆ ಒಂದು ಪುರಾಣ ಹೇಳುತ್ತಾರೆ. ಕಪಿಲ ಬ್ರಹ್ಮ ಎಂಬವನು ಧರ್ಮಪಾಲ ಕುಮಾರನಿಗೆ ಒಗಟು ಹಾಕಿ, ಸೋತು, ತನ್ನ ತಲೆ ಕತ್ತರಿಸಿಕೊಂಡನಂತೆ. ಆ ತಲೆ ನೆಲಕ್ಕೆ ಬಿದ್ದರೆ ಲೋಕ ಸುಡುತ್ತದೆ, ಸಮುದ್ರಕ್ಕೆ ಬಿದ್ದರೆ ಸಮುದ್ರ ಬತ್ತುತ್ತದೆ ಎಂದು ಅವನ ಏಳು ಹೆಣ್ಣುಮಕ್ಕಳು ವರ್ಷಕ್ಕೊಬ್ಬರಂತೆ ಹೊತ್ತು ಮೆರೆಸುತ್ತಾರಂತೆ. ಕೇಳಲು ಚೆನ್ನಾಗಿದೆ. ಆದರೆ 22 ಪ್ರತಿಜ್ಞೆಗಳ ಮೊದಲನೆಯದರಲ್ಲೇ ಬ್ರಹ್ಮನನ್ನು ದೇವರೆಂದು ಒಪ್ಪುವುದಿಲ್ಲ ಎಂದು ಹೇಳಿದ ನಮಗೆ ಆ ತಲೆ ಹೊರುವ ಕೆಲಸ ಬೇಡ.

ಅಲ್ಲಿ ಹೆಣ್ಣುಮಕ್ಕಳಿಗೆ ಪೂರ್ಣ ದೀಕ್ಷೆ ಕೊಡಬಾರದೆಂದು 1928ರಲ್ಲಿ ಸಂಘದಿಂದ ಆದೇಶವಾಯಿತು. ಅಲ್ಲಿನ ಅಧಿಕೃತ ಸಂಘ ಈಗಲೂ ಭಿಕ್ಖುಣಿಯರನ್ನು ಒಪ್ಪಿಲ್ಲ. ನೀರು ಹೊರುತ್ತಿದ್ದ ಪುಣ್ಣಿಕಾ ಇಂದು ಆ ದೇಶದಲ್ಲಿ ಹುಟ್ಟಿದ್ದರೆ ಅವಳಿಗೆ ಏನು ಹೇಳುತ್ತಿದ್ದರು? ಬಡವ ಬಲ್ಲಿದ ಎಂಬ ಭೇದವೂ ಅಲ್ಲಿ ಇಲ್ಲವೆಂದಲ್ಲ. ಎಲ್ಲರೂ ಬೀದಿಯಲ್ಲಿ ನೀರಾಡುವಾಗ ಹೋಟೆಲಿನ ಹಿಂದೆ ಪಾತ್ರೆ ತೊಳೆಯುವವರು ತೊಳೆಯುತ್ತಲೇ ಇರುತ್ತಾರೆ.

ಇನ್ನೊಂದು ವಿಷಯ ನಮ್ಮ ಜಯಂತಿಗೆ ನೇರವಾಗಿ ಸಂಬಂಧಿಸಿದ್ದು. ಹಬ್ಬದ ಆಸುಪಾಸಿನ ಏಳು ದಿನಗಳನ್ನು ಥಾಯ್ಲೆಂಡಿನಲ್ಲಿ ‘ಅಪಾಯದ ಏಳು ದಿನ’ ಎಂದೇ ಕರೆಯುತ್ತಾರೆ. ಈಚಿನ ವರ್ಷಗಳಲ್ಲಿ ಪ್ರತಿ ಸಲವೂ ಆ ಒಂದು ವಾರದಲ್ಲೇ ರಸ್ತೆ ಅಪಘಾತದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಹೆಚ್ಚಿನವು ಬೈಕ್ ಅಪಘಾತಗಳು. ಕಾರಣ ಎರಡು: ಅತಿವೇಗ ಮತ್ತು ಕುಡಿತ. ಅಮ್ಮನ ಕೈಗೆ ನೀರು ಹಾಕಲು ಊರಿಗೆ ಹೊರಟ ಮಗ ದಾರಿಯಲ್ಲೇ ಹೆಣವಾಗುತ್ತಾನೆ. ಪಂಚಶೀಲದ ಐದನೆಯ ಶೀಲ ಕಾಪಾಡದ ಹಬ್ಬ ಮೊದಲನೆಯ ಶೀಲವನ್ನೂ ಮುರಿಯುತ್ತದೆ.

ಭಗವಾನರು ಅದೇ ಸಿಗಾಲನಿಗೆ ಕುಡಿತದ ಆರು ಕೇಡುಗಳನ್ನು ಎಣಿಸಿ ಹೇಳಿದ್ದಾರೆ: ಹಣ ಹೋಗುತ್ತದೆ, ಜಗಳ ಬರುತ್ತದೆ, ರೋಗ ಬರುತ್ತದೆ, ಹೆಸರು ಕೆಡುತ್ತದೆ, ಮಾನ ಹೋಗುತ್ತದೆ, ಬುದ್ಧಿ ಮಂಕಾಗುತ್ತದೆ. ಎಲ್ಲಿ ಕುಣಿತ, ಎಲ್ಲಿ ಹಾಡು, ಎಲ್ಲಿ ತಮಟೆ ಎಂದು ಸದಾ ಜಾತ್ರೆಯ ಹಿಂದೆ ಅಲೆಯುವುದರ ಕೇಡನ್ನೂ ಅಲ್ಲೇ ಹೇಳಿದ್ದಾರೆ. ಸಂತೋಷ ಪಡಬಾರದೆಂದು ಅವರು ಹೇಳಲಿಲ್ಲ. ಸಂತೋಷದ ಹೆಸರಿನಲ್ಲಿ ನಿಮ್ಮನ್ನು ನೀವು ಕಳೆದುಕೊಳ್ಳಬೇಡಿ ಎಂದರು.

ಈಗ ನಮ್ಮ ಕಡೆ ನೋಡೋಣ. ನಾಳೆ ಸಂಜೆ ಡಿಜೆ ಗಾಡಿಯ ಮುಂದೆ ಕುಣಿಯುವ ಹುಡುಗರು ನಮ್ಮ ಮಕ್ಕಳೇ. ಕುಣಿಯಲಿ. ತಲೆ ತಗ್ಗಿಸಿ ನಡೆದವರ ಮೊಮ್ಮಕ್ಕಳು ಊರಿನ ದೊಡ್ಡ ಬೀದಿಯಲ್ಲಿ ತಲೆಯೆತ್ತಿ ಕುಣಿಯುವುದು ಸಣ್ಣ ವಿಷಯವಲ್ಲ. ಆದರೆ ನೀಲಿ ಬಾವುಟದ ಕೆಳಗೆ ಬಾಟಲಿ ಬೇಡ. ನಾಡಿದ್ದು ಬೆಳಗ್ಗೆ ಊರಿನವರು ಬಾಬಾಸಾಹೇಬರ ಹೆಸರು ಹೇಳುವಾಗ ನಮ್ಮ ಮಕ್ಕಳ ತೂರಾಟ ಅವರ ಕಣ್ಣಮುಂದೆ ಬರಬಾರದು. ಒಬ್ಬನೇ ಒಬ್ಬ ಹುಡುಗ ಕುಡಿದು ಬೈಕ್ ಹತ್ತಿ ರಾತ್ರಿ ಹೆದ್ದಾರಿಗೆ ಹೋದರೂ ಒಂದು ಮನೆಗೆ ಪ್ರತಿ ಏಪ್ರಿಲ್ 14 ಜಯಂತಿಯಾಗಿ ಉಳಿಯುವುದಿಲ್ಲ, ತಿಥಿಯ ದಿನವಾಗುತ್ತದೆ.

*ರೋಹಿಣಿ ಹೊಳೆ, ನಮ್ಮ ವೇದಾವತಿ*

ಸಿದ್ಧಾರ್ಥ ಮನೆ ಬಿಟ್ಟದ್ದು ಯಾಕೆ? ಮುದುಕ, ರೋಗಿ, ಹೆಣ ನೋಡಿ ಎಂಬ ಹಳೇ ಕಥೆಯನ್ನು ಬಾಬಾಸಾಹೇಬರು ಒಪ್ಪಲಿಲ್ಲ. 29 ವರ್ಷದವರೆಗೆ ಒಬ್ಬ ಮನುಷ್ಯ ಮುದುಕನನ್ನೇ ನೋಡಿರಲಿಲ್ಲ ಎಂದರೆ ಹೇಗೆ ನಂಬುವುದು? ಅವರು ಬರೆದ ಪ್ರಕಾರ ಕಾರಣ ನೀರು. ರೋಹಿಣಿ ಹೊಳೆಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳವಾಯಿತು. ಶಾಕ್ಯ ಸಂಘ ಯುದ್ಧಕ್ಕೆ ಹೊರಟಿತು. ನಮ್ಮ ಕಡೆಯಿಂದ ಇಬ್ಬರು, ಅವರ ಕಡೆಯಿಂದ ಇಬ್ಬರು, ಆ ನಾಲ್ವರು ಸೇರಿ ಐದನೆಯವನೊಬ್ಬನನ್ನು ಆರಿಸಲಿ, ಐವರೂ ಕೂತು ಬಗೆಹರಿಸಲಿ ಎಂದು ಸಿದ್ಧಾರ್ಥ ಸಲಹೆ ಕೊಟ್ಟರು. ಬಹುಮತ ಒಪ್ಪಲಿಲ್ಲ. ಯುದ್ಧಕ್ಕೆ ಬರುವುದಿಲ್ಲ ಎಂದ ಸಿದ್ಧಾರ್ಥರು ಊರು ಬಿಡುವ ಶಿಕ್ಷೆಯನ್ನು ತಾವೇ ಆರಿಸಿಕೊಂಡರು. ಅಂದರೆ ನಮ್ಮ ಧಮ್ಮದ ಮೊದಲ ಹೆಜ್ಜೆಯೇ ನೀರಿನ ನ್ಯಾಯಕ್ಕಾಗಿ ಇಟ್ಟ ಹೆಜ್ಜೆ.

ನಮ್ಮ ಮೂರೂ ತಾಲ್ಲೂಕುಗಳು ನೀರಿನ ಭಾಷೆಯಲ್ಲೇ ಬದುಕುವ ಊರುಗಳು. ಬಾಬಾಬುಡನ್ ಗಿರಿಯಿಂದ ಇಳಿದ ವೇದಾ ಅಯ್ಯನಕೆರೆ ತುಂಬಿಸುತ್ತಾಳೆ, ಅವತಿ ಮದಗದಕೆರೆ ತುಂಬಿಸುತ್ತಾಳೆ. ಇಬ್ಬರೂ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗುತ್ತಾರೆ. ತರೀಕೆರೆಯ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು. ಆ ನೀರನ್ನು ಅಜ್ಜಂಪುರದ ಬಳಿಯ ಸುರಂಗದಿಂದ ಚಿತ್ರದುರ್ಗದ ಕಡೆಗೆ ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆ. ಯಾರಿಗೆ ಎಷ್ಟು ನೀರು ಎಂಬ ಮಾತು ಇಲ್ಲಿ ಪ್ರತಿ ಬೇಸಿಗೆಯಲ್ಲೂ ಏಳುತ್ತದೆ. ಕಡೂರಿನ ಬಯಲಿನಲ್ಲಿ ಬೋರು ಎಷ್ಟು ಆಳಕ್ಕೆ ಕೊರೆದರೂ ದೂಳೇ ಬರುವ ಜಾಗಗಳಿವೆ. ಏಪ್ರಿಲ್‌ನಲ್ಲಿ ಟ್ಯಾಂಕರ್ ಬಂತೆಂದರೆ ಬಿಂದಿಗೆಗಳ ಸಾಲು. ಆ ಸಾಲಿನಲ್ಲಿ ನಮ್ಮ ಕೇರಿಯ ಬಿಂದಿಗೆಗಳು ಎಲ್ಲಿ ನಿಂತಿರುತ್ತವೆ ಎಂದು ನೋಡುವ ಅಭ್ಯಾಸ ಬಿಡಬೇಡಿ.

ಇಂಥ ಊರಿನಲ್ಲಿ ಸಾಂಗ್‌ಕ್ರಾನ್ ಹಾಗೆ ಬೀದಿಯಲ್ಲಿ ನೀರು ಎರಚುವುದು ಸಲ್ಲದು. ಬಾಯಾರಿದವರ ಮುಂದೆ ನೀರು ಚೆಲ್ಲಿದರೆ ಅದು ಹಬ್ಬವಾಗುವುದಿಲ್ಲ. ನಮಗೆ ತಕ್ಕ ನೀರಿನ ಹಬ್ಬವೊಂದು ನಮ್ಮ ಭಾಷೆಯಲ್ಲೇ ಇದೆ. ಅದರ ಹೆಸರು ಅರವಟ್ಟಿಗೆ.

*ನಾಳೆ ಒಂದು ಅರವಟ್ಟಿಗೆ*

ಬೇಸಿಗೆಯಲ್ಲಿ ದಾರಿಯ ಬದಿ ಚಪ್ಪರ ಹಾಕಿ, ಮಣ್ಣಿನ ಗಡಿಗೆಯಲ್ಲಿ ನೀರು, ಮಜ್ಜಿಗೆ, ಪಾನಕ ಇಟ್ಟು ಬಂದವರಿಗೆ ಕೊಡುವುದು ನಮ್ಮ ನಾಡಿನ ಹಳೇ ಪದ್ಧತಿ. ಆದರೆ ಅಲ್ಲೂ ನಮ್ಮವರ ಬೊಗಸೆಗೆ ಮೇಲಿನಿಂದಲೇ ನೀರು ಬೀಳುತ್ತಿತ್ತು. ಅರವಟ್ಟಿಗೆ ಇಡುವ ಹಕ್ಕಂತೂ ನಮ್ಮವರಿಗೆ ಇರಲೇ ಇಲ್ಲ. ನಮ್ಮ ಕೈ ಮುಟ್ಟಿದ ನೀರನ್ನು ಯಾರು ಕುಡಿಯಬೇಕು?

ಮಹಾಡಿನಲ್ಲಿ ಬಾಬಾಸಾಹೇಬರು ನೀರು *ತೆಗೆದುಕೊಳ್ಳುವ* ಹಕ್ಕನ್ನು ಗೆದ್ದುಕೊಟ್ಟರು. ಪ್ರಕೃತಿ ನೀರು *ಕೊಡುವ* ಕೈಯಾಗಿ ನಿಂತಳು. ಮೊದಲನೆಯದು ಹಕ್ಕು, ಎರಡನೆಯದು ದಾನ. ಹಕ್ಕು ಕೈಗೆ ಬಂದ ಮೇಲೆಯೇ ದಾನಕ್ಕೆ ಅರ್ಥ. ನಾಳೆ ಮೆರವಣಿಗೆ ಹೊರಡುವ ಮುಂಚೆ ಬಸ್ ಸ್ಟ್ಯಾಂಡಿನ ಹತ್ತಿರವೋ, ನಿಮ್ಮೂರಿನ ಸರ್ಕಲ್ಲಿನಲ್ಲೋ ಬಾಬಾಸಾಹೇಬರ ಭಾವಚಿತ್ರದ ಪಕ್ಕ ನಾಲ್ಕು ಗಡಿಗೆ ನೀರು, ಮಜ್ಜಿಗೆ ಇಟ್ಟು ನಿಲ್ಲಿ. ಲೋಟ ಎಲ್ಲರಿಗೂ ಒಂದೇ ಥರದ್ದು. ಕೊಡುವ ಕೈ ನಮ್ಮದೇ ಇರಲಿ, ಅದರಲ್ಲೂ ನಮ್ಮ ತಾಯಂದಿರದ್ದು ಇರಲಿ.

ಕೆಲವರು ಕೇಳುತ್ತಾರೆ: ಇದು ಅವರ ಒಪ್ಪಿಗೆಗಾಗಿ ಕಾಯುವುದಲ್ಲವೇ, ಅವರು ಕುಡಿಯದೆ ಹೋದರೆ ಮತ್ತೆ ಅವಮಾನವಲ್ಲವೇ? ಪ್ರಶ್ನೆ ಸರಿಯಾಗಿದೆ. ಕೆಲವರು ಕುಡಿಯುತ್ತಾರೆ. ಕೆಲವರು ಭಾವಚಿತ್ರ ನೋಡಿ, ಬಾಯಾರಿದ್ದರೂ ಪಕ್ಕಕ್ಕೆ ಸರಿದು ಹೋಗಬಹುದು. ಹೋದರೆ ಬಾಯಾರಿಕೆ ಅವರದ್ದೇ. ಭಿಕ್ಖುವಿನ ಪಾತ್ರೆಗೆ ಅನ್ನ ಹಾಕುವವರು ತಮ್ಮ ಮರ್ಯಾದೆಯನ್ನು ಅದರೊಳಗೆ ಇಟ್ಟು ಕೊಡುವುದಿಲ್ಲ. ದಾನ ತೆಗೆದುಕೊಳ್ಳದವನಿಂದ ಕೊಡುವವನಿಗೆ ಕೊರತೆಯಾಗುವುದಿಲ್ಲ. ನಮ್ಮ ಮಾನ ಅವರ ಲೋಟದಲ್ಲಿಲ್ಲ. ಅದು ಸಂವಿಧಾನದಲ್ಲಿದೆ, ನಮ್ಮ ಶೀಲದಲ್ಲಿದೆ. ಆದ್ದರಿಂದ ಯಾರು ಕುಡಿದರು, ಯಾರು ಬಿಟ್ಟರು ಎಂದು ಲೆಕ್ಕ ಇಡಬೇಡಿ. ಗಡಿಗೆ ಖಾಲಿಯಾದರೆ ತುಂಬಿಸಿ, ಅಷ್ಟೇ. ಆದರೆ ಸಾರ್ವಜನಿಕ ನಲ್ಲಿಯಲ್ಲೋ ತೊಂಬೆಯಲ್ಲೋ ಯಾರಾದರೂ ನಮ್ಮನ್ನು ತಡೆದರೆ ಅಲ್ಲಿ ಸುಮ್ಮನಿರುವುದು ಮೈತ್ರಿಯಲ್ಲ. ಅಲ್ಲಿ ಕಾನೂನಿನ ಬಾಗಿಲು ತಟ್ಟಬೇಕು. ದಾನದಲ್ಲಿ ಲೆಕ್ಕ ಬೇಡ, ಹಕ್ಕಿನಲ್ಲಿ ಲೆಕ್ಕ ಬಿಡಬೇಡ.

*ಇಂದು ಮತ್ತು ನಾಳೆಯ ಅಭ್ಯಾಸ*

1. ಇಂದು ಸಂಜೆ ವಂದನೆಯ ನಂತರ ಮನೆಯ ಅತಿ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ. ಮಕ್ಕಳು ಕೆಳಗೆ ಕೂತು ಅವರ ಕೈಗೆ ಒಂದು ಲೋಟ ನೀರು ನಿಧಾನವಾಗಿ ಹಾಕಲಿ. ಆ ಕೈಗಳು ಹಿಂದೆ ಎಲ್ಲೆಲ್ಲಿ ಬೊಗಸೆ ಒಡ್ಡಿದ್ದವು ಎಂದು ಮಕ್ಕಳು ಕೇಳಲಿ, ಹಿರಿಯರು ಹೇಳಲಿ. ಮನೆಯಲ್ಲಿ ಹಿರಿಯರಿಲ್ಲದಿದ್ದರೆ ಕೇರಿಯಲ್ಲಿ ಒಂಟಿಯಾಗಿರುವ ಅಜ್ಜಿ ತಾತನ ಮನೆಗೆ ಹೋಗಿ. ಬಿದ್ದ ನೀರು ವ್ಯರ್ಥವಾಗದಂತೆ ಕೆಳಗೊಂದು ತಟ್ಟೆ ಇಟ್ಟು ಗಿಡಕ್ಕೆ ಹಾಕಿ.

2. ಸಮುದಾಯ ಭವನದ ವಸ್ತು ಏನಾದರೂ ನಿಮ್ಮ ಮನೆಯಲ್ಲಿದ್ದರೆ ನಾಳೆ ಬೆಳಗ್ಗೆಯೇ ವಾಪಸ್ ಇಡಿ. ಅದು ನಮ್ಮ ಮರಳಿನ ಸ್ತೂಪ.

3. ನಾಳೆ ಬುದ್ಧ ವಂದನೆ, ತ್ರಿಸರಣ ಪಂಚಶೀಲ ಆದ ಮೇಲೆ ಐದನೆಯ ಶೀಲವನ್ನು ಹುಡುಗರು ಜೋರಾಗಿ ಇನ್ನೊಮ್ಮೆ ಹೇಳಲಿ. ರಾತ್ರಿ ಬೈಕ್ ಕೀಲಿಗಳನ್ನು ಹಿರಿಯರೊಬ್ಬರು ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

4. ಅರವಟ್ಟಿಗೆ ಒಂದೇ ದಿನಕ್ಕೆ ಮುಗಿಯುವುದು ಬೇಡ. ಮಳೆ ಬೀಳುವವರೆಗೆ ಸರದಿ ಹಾಕಿಕೊಂಡು ನಡೆಸೋಣ. ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಯಾರು ಯಾವ ವಾರ ನೋಡಿಕೊಳ್ಳುತ್ತೀರಿ ಎಂದು ಈ ಗುಂಪಿನಲ್ಲೇ ತಿಳಿಸಿ.

ಬಾಯಾರಿದ ಎಲ್ಲ ಜೀವಿಗಳಿಗೂ ನೀರು ಸಿಗಲಿ. ನೀರು ಕೊಡುವ ಕೈ ಎತ್ತರದಲ್ಲಿ ನಿಲ್ಲದಿರಲಿ. ಎಲ್ಲರಿಗೂ ಭೀಮ ಜಯಂತಿಯ ಶುಭಾಶಯಗಳು.

ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್.

(ಓದಿದ ಮೇಲೆ ನಿಮ್ಮ ಕೇರಿಯ ಗುಂಪಿಗೂ ಕಳಿಸಿ. ನಾಳಿನ ಚಿಂತನೆ ಜಯಂತಿಯ ಕಾರಣ ಬೆಳಗ್ಗೆ 5 ಗಂಟೆಗೇ ಬರುತ್ತದೆ.)